ಅದೇ ಚಿಪ್, ಅದೇ ಮನುಷ್ಯ, ಸ್ಪೀಡ್ ಮಾತ್ರ ಡಬಲ್: ಟಿ5 ಅನ್ನೋ ಒಂದು ಕೇಸ್

ನಮ್ಮ ಕಡೆ ಅಡಿಕೆ ಮರದಿಂದ ಬಿದ್ದವರ ಕಥೆ ಇಲ್ದಿರೋ ಊರಿಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋಕೆ ಹತ್ತಿರ್ತಾರೆ, ಮರ ಪಾಚಿ ಕಟ್ಟಿ ಜಾರ್ತಿರುತ್ತೆ, ಒಂದು ಕ್ಷಣ ಅಷ್ಟೇ. ನನ್ನ ದೊಡ್ಡಪ್ಪನ ಮಗ, ನಂಗೆ ಅಣ್ಣ ಆಗ್ಬೇಕು, ಹಂಗೇ ಬಿದ್ದು ಕುತ್ತಿಗೆ ಹತ್ರ ಬೆನ್ನುಹುರಿಗೆ ಪೆಟ್ಟಾಗಿ ಈಗ ಸುಮಾರು ವರ್ಷದಿಂದ ಮಂಚದ ಮೇಲೇ ಇದ್ದಾನೆ. ತಲೆ ಆಡುತ್ತೆ, ಮಾತು ಚೆನ್ನಾಗಿದೆ, ಬಾಯಲ್ಲಿ ಒಂದು ಕಡ್ಡಿ ಕಚ್ಕೊಂಡು ಫೋನ್ ಒತ್ತುತ್ತಾನೆ. ಒಂದ್ಸಲ ಮಾತಿನ ಮಧ್ಯೆ ಅವನು ಹೇಳಿದ್ದು ನನ್ನ ತಲೆಯಲ್ಲಿ ಹಂಗೇ ಕೂತ್ಬಿಟ್ಟಿದೆ: "ಕೈಗೆ ಏಳು ಅಂತ ನಾನು ಈಗ್ಲೂ ಹೇಳ್ತಾನೇ ಇರ್ತೀನಿ ಮಾರಾಯ, ಅದು ಕೇಳಲ್ಲ ಅಷ್ಟೇ."

ಇದನ್ನ ಮನೇಲಿ ಎಲ್ರೂ ಪಾಪ ಅಂತ ಕೇಳಿಸ್ಕೊಂಡು ಸುಮ್ನಾದ್ರು, ನಾನೂ ಸುಮ್ನಾದೆ. ಆಮೇಲೆ, ಕೈ ಆಡದ ಒಬ್ಬರು ಮೆದುಳಿನ ಸಿಗ್ನಲ್‌ನಿಂದಾನೇ ಕಂಪ್ಯೂಟರ್‌ನಲ್ಲಿ ಬರೆದ ಟಿ5 ಕೇಸ್ ಓದಿದಾಗ ಗೊತ್ತಾಯ್ತು, ಅಣ್ಣ ಹೇಳಿದ್ದು ಬರೀ ದುಃಖದ ಮಾತಲ್ಲ, ಮೆದುಳಿನ ವಿಜ್ಞಾನದಲ್ಲಿ ಬಹಳ ಜನ ವರ್ಷಗಟ್ಟಲೆ ತಲೆ ಕೆಡಿಸ್ಕೊಂಡಿದ್ದ ಒಂದು ಪ್ರಶ್ನೆಗೆ ಅದು ಹೆಚ್ಚುಕಡಿಮೆ ಸರಿಯಾದ ಉತ್ತರ ಅಂತ. ಅದಕ್ಕೇ ಈ ಕೇಸನ್ನ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಟಿ5 ಅನ್ನೋದು ಒಬ್ಬ ಅಮೆರಿಕನ್ ವ್ಯಕ್ತಿಗೆ ಸ್ಟಡಿಯಲ್ಲಿ ಕೊಟ್ಟಿರೋ ಹೆಸರು. 2007ರಲ್ಲಿ ಬೆನ್ನುಹುರಿಗೆ ಏಟಾಗಿ ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಎಲ್ಲ ಚಲನೆ ಹೋಯ್ತು, ಕೈ ಅಲ್ಪಸ್ವಲ್ಪ ಅದುರುತ್ತೆ, ಅದ್ರಿಂದ ಯಾವ ಕೆಲಸಾನೂ ಆಗಲ್ಲ. ಬ್ರೈನ್‌ಗೇಟ್2 ಅನ್ನೋ ಕ್ಲಿನಿಕಲ್ ಟ್ರಯಲ್‌ಗೆ ಸೇರ್ಕೊಂಡ್ರು, 2016ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಮೆದುಳಿನ ಎಡಭಾಗದಲ್ಲಿ, ಬಲಗೈಯನ್ನ ನೋಡ್ಕೊಳ್ಳೋ ಜಾಗದಲ್ಲಿ, ಎರಡು ಪುಟ್ಟ ಎಲೆಕ್ಟ್ರೋಡ್ ಅರೇ ಕೂರಿಸಿದ್ರು. ಒಂದೊಂದೂ 4 ಮಿಲಿಮೀಟರ್ ಚೌಕ ಅಷ್ಟೇ, ಒಂದು ಉದ್ದಿನ ಕಾಳಿನಷ್ಟು ಅಂದ್ಕೊಳ್ಳಿ, ಅದರ ಮೇಲೆ ಬಾಚಣಿಗೆ ಹಲ್ಲಿನ ಥರ ನಿಂತಿರೋ 96 ಸೂಜಿಗಳು. ಅಮೆರಿಕದ ಯೂಟಾ ಯೂನಿವರ್ಸಿಟಿಯಲ್ಲಿ ಹುಟ್ಟಿದ ಡಿಸೈನ್ ಆದ್ರಿಂದ ಯೂಟಾ ಅರೇ ಅಂತಾನೇ ಕರೀತಾರೆ. ಸೂಜಿಯ ತುದಿ ಸುತ್ತ ಇರೋ ನರಕೋಶಗಳು ಟಕ್ ಟಕ್ ಅಂತ ಕರೆಂಟ್ ಬಿಟ್ಟಾಗ ಅದನ್ನ ಕೇಳಿಸ್ಕೊಳ್ಳುತ್ತೆ. ಆಪರೇಷನ್ ಮಾಡಿದ್ದು ಜೇಮಿ ಹೆಂಡರ್ಸನ್ ಅನ್ನೋ ನ್ಯೂರೋಸರ್ಜನ್, ಲ್ಯಾಬ್ ಕಡೆಯಿಂದ ಕೃಷ್ಣ ಶೆಣೈ, ಇಬ್ರೂ ಸೇರಿ ನಡೆಸ್ತಿದ್ದ ಗುಂಪು ಅದು.

ಮೊದಮೊದಲು ಇವರು ಮಾಡಿಸಿದ್ದು ಎಲ್ಲರೂ ಮಾಡಿಸ್ತಿದ್ದ ಕೆಲಸಾನೇ. ಸ್ಕ್ರೀನ್ ಮೇಲೆ ಕೀಬೋರ್ಡ್ ಇರುತ್ತೆ, ಟಿ5 ತಮ್ಮ ಕೈ ಆಡಿಸ್ತಿರೋ ಹಂಗೆ ಪ್ರಯತ್ನ ಪಡಬೇಕು, ಕಂಪ್ಯೂಟರ್ ಆ ಸಿಗ್ನಲ್ ನೋಡಿ ಕರ್ಸರನ್ನ ಆ ಕಡೆ ಓಡಿಸುತ್ತೆ, ಅಕ್ಷರದ ಮೇಲೆ ಬಂದಾಗ ಕ್ಲಿಕ್. 2017ರಲ್ಲಿ ಇದರ ರಿಸಲ್ಟ್ ಬಂತು, ಟಿ5 ನಿಮಿಷಕ್ಕೆ ಸುಮಾರು 39 ಅಕ್ಷರ ಸರಿಯಾಗಿ ಹೊಡೆದಿದ್ರು. ಆಗ ಅದೇ ದೊಡ್ಡ ಸುದ್ದಿ, ಕೈಕಾಲು ಆಡದವರಲ್ಲಿ ಅಲ್ಲೀತನಕ ಮೆದುಳಿಂದ ಇಷ್ಟು ಬೇಗ ಟೈಪ್ ಮಾಡಿದವರಿರ್ಲಿಲ್ಲ. ಆದ್ರೆ 39 ಅಕ್ಷರ ಅಂದ್ರೆ ಏನು ಹೇಳಿ, ನಿಮಿಷಕ್ಕೆ ಎಂಟು ಪದ. ಮನೆಯವರ ಜೊತೆ ಜಗಳ ಆಡೋಕೂ ಸಾಲಲ್ಲ ಅದು, ನೀವು ಒಂದು ವಾಕ್ಯ ಮುಗಿಸೋ ಹೊತ್ತಿಗೆ ಅವರು ಅಡುಗೆಮನೆಗೆ ಹೋಗಿ ವಾಪಸ್ ಬಂದಿರ್ತಾರೆ.

ಈಗ ಇಲ್ಲಿ ಯಾರಿಗಾದ್ರೂ ಬರೋ ಐಡಿಯಾ ಏನು? ಇನ್ನೂ ಜಾಸ್ತಿ ಎಲೆಕ್ಟ್ರೋಡ್ ಹಾಕೋಣ, ಚಿಪ್ ಒಳ್ಳೇದು ತರೋಣ, ಕಂಪ್ಯೂಟರ್ ಫಾಸ್ಟ್ ಮಾಡೋಣ. ನಾನು ಸಾಫ್ಟ್‌ವೇರ್ ಕೆಲಸದವನು, ನಮ್ಮಲ್ಲಿ ಏನೇ ನಿಧಾನ ಆದ್ರೂ ಮೊದಲು ಬೈಯೋದು ಸರ್ವರ್‌ಗೇ. ಇವರು ಹಂಗೆ ಮಾಡ್ಲಿಲ್ಲ ಅನ್ನೋದೇ ಈ ಕೇಸಿನ ಸ್ವಾರಸ್ಯ. ಟಿ5 ತಲೆಯಲ್ಲಿದ್ದ ಅರೇ ಅದೇ, ಇನ್ನೊಂದು ಸೂಜಿ ಸೇರಿಸ್ಲಿಲ್ಲ, ಬದಲಾಗಿದ್ದು ಅವರಿಗೆ ಏನನ್ನ ಪ್ರಯತ್ನ ಮಾಡಿ ಅಂತ ಹೇಳಿದ್ರು ಅನ್ನೋದು ಮತ್ತೆ ಬಂದ ಸಿಗ್ನಲ್‌ನ ಹೆಂಗೆ ಓದಿದ್ರು ಅನ್ನೋದು.

ಅದು ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹಿಂದೆ ಹೋಗ್ಬೇಕು. ಮೆದುಳಲ್ಲಿ ಮೋಟಾರ್ ಕಾರ್ಟೆಕ್ಸ್ ಅಂತ ಒಂದು ಪಟ್ಟಿ ಇದೆ, ಕಿವಿಯಿಂದ ನೆತ್ತಿ ಕಡೆಗೆ ಏರೋ ಥರ, ಕೈಕಾಲು ಮುಖ ಆಡಿಸೋ ಆರ್ಡರ್ ಹೊರಡೋದು ಬಹುಪಾಲು ಅಲ್ಲಿಂದ. 1980ರ ದಶಕದಲ್ಲಿ ಜಾರ್ಜೋಪೌಲೋಸ್ ಅನ್ನೋರು ಕೋತಿಗಳ ಮೇಲೆ ಮಾಡಿದ ಪ್ರಯೋಗದಿಂದ ಒಂದು ಚೆಂದದ ಚಿತ್ರ ಸಿಕ್ತು, ಅಲ್ಲಿನ ಒಂದೊಂದು ನರಕೋಶಕ್ಕೂ ಒಂದೊಂದು ಇಷ್ಟದ ದಿಕ್ಕು ಇರುತ್ತೆ, ಕೈ ಆ ಕಡೆ ಹೋಗೋವಾಗ ಅದು ಜೋರಾಗಿ ಕೂಗುತ್ತೆ, ಬೇರೆ ಕಡೆ ಹೋದ್ರೆ ಮೆತ್ತಗಾಗುತ್ತೆ, ಎಲ್ಲರ ಓಟು ಕೂಡಿಸಿದ್ರೆ ಕೈ ಹೋಗೋ ದಿಕ್ಕು ಸಿಗುತ್ತೆ. ಕರ್ಸರ್ ಓಡಿಸೋ ಐಡಿಯಾ ಬೆಳೆದಿದ್ದು ಈ ಚಿತ್ರದ ಮೇಲೇನೇ, ದಿಕ್ಕು ಸಿಕ್ತು ಅಂದ್ಮೇಲೆ ಕರ್ಸರನ್ನ ಆ ಕಡೆ ತಳ್ಳೋದೇನು ಕಷ್ಟ.

ಆದ್ರೆ ಆಮೇಲೆ ಚಿತ್ರ ಅಷ್ಟು ಸರಳ ಅಲ್ಲ ಅಂತ ಗೊತ್ತಾಗ್ತಾ ಬಂತು. ಶೆಣೈ ಅವರ ಲ್ಯಾಬಿಂದಾನೇ 2012ರಲ್ಲಿ ಬಂದ ಒಂದು ಕೆಲಸ ಇದೆ, ಒಂದೊಂದು ಕೋಶವನ್ನೇ ಹಿಡ್ಕೊಂಡು ನೀನು ಯಾವ ದಿಕ್ಕು ಅಂತ ಕೇಳೋ ಬದಲು ಎಲ್ಲ ಕೋಶಗಳನ್ನ ಒಟ್ಟಿಗೆ ಒಂದು ಗುಂಪಾಗಿ ನೋಡಿದ್ರು, ಆ ಗುಂಪಿನ ಚಟುವಟಿಕೆ ಸಮಯ ಹೋದಂಗೆ ಒಂದು ಲಯದಲ್ಲಿ ಸುತ್ತುತ್ತಾ ಹೋಗುತ್ತೆ ಅಂತ ತೋರಿಸಿದ್ರು. ಯಕ್ಷಗಾನದಲ್ಲಿ ಚಂಡೆಯ ಒಂದೊಂದು ಪೆಟ್ಟನ್ನ ಬಿಡಿಬಿಡಿಯಾಗಿ ಕೇಳಿದ್ರೆ ಏನೂ ತಿಳಿಯಲ್ಲ, ಪೆಟ್ಟು ಒಂದರ ಹಿಂದೆ ಒಂದು ಹೆಂಗೆ ಬರುತ್ತೆ ಅನ್ನೋದ್ರಲ್ಲೇ ತಾಳ ಇರೋದು, ಹಂಗೆ. ದಿಕ್ಕು ಒಂದು ಕ್ಷಣದ ಫೋಟೋ ಆದ್ರೆ ಇದು ವಿಡಿಯೋ.

ಇದರ ಜೊತೆ ಇನ್ನೊಂದು ಅನುಮಾನ ಬೇರೆ ಇತ್ತು, ಅಣ್ಣನ ಮಾತು ಉತ್ತರ ಆಗಿದ್ದು ಇದಕ್ಕೇ. ಹತ್ತು ವರ್ಷ ಕೈ ಅಲ್ಲಾಡದೇ ಇದ್ದವರ ಮೆದುಳಲ್ಲಿ ಬೆರಳಿನ ಸೂಕ್ಷ್ಮ ಕೆಲಸದ ಆರ್ಡರ್‌ಗಳು ಇನ್ನೂ ಉಳಿದಿರುತ್ತಾ? ಉಪಯೋಗಿಸ್ದೇ ಬಿಟ್ಟ ಗದ್ದೆಯಲ್ಲಿ ಕಳೆ ಬೆಳೆದಂಗೆ ಆ ಜಾಗವನ್ನ ಬೇರೆ ಕೆಲಸಗಳು ಆಕ್ರಮಿಸ್ಕೊಂಡಿರ್ತಾವಾ? ಕೈ ಎತ್ತೋದು ಚಾಚೋದು ಥರದ ದೊಡ್ಡ ಚಲನೆಗಳಿಗೆ ಸಿಗ್ನಲ್ ಉಳಿದಿದೆ ಅಂತ ಕರ್ಸರ್ ಕೆಲಸದಿಂದ ಗೊತ್ತಿತ್ತು, ಆದ್ರೆ ಬರವಣಿಗೆ ಥರ ವೇಗವಾಗಿ ಬಾಗ್ತಾ ಬಳುಕ್ತಾ ಹೋಗೋ ಚಲನೆ ಉಳಿದಿದೆಯಾ ಅನ್ನೋದು ಗೊತ್ತಿರ್ಲಿಲ್ಲ. (ಅಂದಹಾಗೆ ಕೈಯ ಜಾಗ ಅಂತ ನಾನು ಇಷ್ಟು ಸಲೀಸಾಗಿ ಹೇಳ್ತಿದೀನಲ್ಲ, ಅದೂ ಪೂರ್ತಿ ಸರಿಯಿಲ್ಲ. ಇದೇ ಗುಂಪು 2020ರಲ್ಲಿ ತೋರಿಸಿದ್ದು ಏನಂದ್ರೆ, ಟಿ5 ಅವರ ಆ ಕೈಯ ಜಾಗದಲ್ಲೇ ಮುಖ, ಕಾಲು, ಇನ್ನೊಂದು ಕೈ ಎಲ್ಲದರ ಸಿಗ್ನಲ್ಲೂ ಸಿಗುತ್ತೆ. ಪಠ್ಯಪುಸ್ತಕದಲ್ಲಿ ಮೆದುಳಿನ ಮೇಲೆ ಮನುಷ್ಯನ ಚಿತ್ರ ಮಲಗಿಸಿ ಇದು ಕೈ ಇದು ಕಾಲು ಅಂತ ಗೆರೆ ಹಾಕಿರ್ತಾರಲ್ಲ, ಮೆದುಳು ಆ ಸರ್ವೆ ನಕ್ಷೆ ಓದಿಲ್ಲ.)

ಸರಿ, ಪ್ರಯೋಗಕ್ಕೆ ಬರೋಣ. ಫ್ರಾಂಕ್ ವಿಲೆಟ್ ಅನ್ನೋ ಸಂಶೋಧಕರು ಮುಂದೆ ನಿಂತು ಮಾಡಿದ ಕೆಲಸ ಇದು. ಟಿ5ಗೆ ಆಗ 65 ವರ್ಷ. ಅವರಿಗೆ ಹೇಳಿದ್ದು ಇಷ್ಟೇ, ಗೆರೆ ಹಾಕಿದ ಹಾಳೆ ಮುಂದಿದೆ, ಕೈಯಲ್ಲಿ ಪೆನ್ ಇದೆ ಅಂದ್ಕೊಳ್ಳಿ, ಸ್ಕ್ರೀನ್ ಮೇಲೆ ಬರೋ ಅಕ್ಷರ ಬರೀರಿ. ಇಲ್ಲೊಂದು ವ್ಯತ್ಯಾಸ ಗಮನಿಸ್ಬೇಕು, ಅವರು ಅಕ್ಷರವನ್ನ ಮನಸ್ಸಲ್ಲಿ ಕಲ್ಪನೆ ಮಾಡ್ಕೋತಾ ಕೂರ್ತಿರ್ಲಿಲ್ಲ, ನಿಜವಾಗ್ಲೂ ಕೈಯಿಂದ ಬರೆಯೋಕೆ ಪ್ರಯತ್ನ ಪಡ್ತಿದ್ರು. ಪೇಪರ್‌ಗಳಲ್ಲಿ ಮನಸ್ಸನ್ನ ಓದೋ ಯಂತ್ರ ಅಂತ ಹೆಡ್ಡಿಂಗ್ ಹಾಕ್ತಾರಲ್ಲ, ಅದನ್ನ ನೋಡಿದ್ರೆ ನಂಗೆ ಉರಿಯುತ್ತೆ, ಇದು ಯೋಚನೆ ಓದೋ ಯಂತ್ರ ಅಲ್ವೇ ಅಲ್ಲ, ಕೈಗೆ ಹೊರಟ ಆರ್ಡರನ್ನ ಕುತ್ತಿಗೆ ಹತ್ರ ತಂತಿ ಕಟ್ ಆಗಿರೋದಕ್ಕೆ ಮುಂಚೇನೇ ಮೇಲಿಂದ ಹಿಡ್ಕೊಳ್ಳೋದು. ನೀವು ಕೂತಲ್ಲೇ ನಿಮ್ಮ ಸಾಲದ ಬಗ್ಗೆ ಯೋಚನೆ ಮಾಡಿದ್ರೆ ಅದಕ್ಕೇನೂ ಗೊತ್ತಾಗಲ್ಲ.

ಒಂದೊಂದು ಅಕ್ಷರವನ್ನೂ 27 ಸಲ ಬರೆಸಿದ್ರು. ಬಂದ ಸಿಗ್ನಲ್ ಹಂಗೇ ನೋಡಿದ್ರೆ ಗೋಜಲು, ಯಾಕಂದ್ರೆ ಒಂದೇ ಅಕ್ಷರವನ್ನ ನಾವು ಒಂದ್ಸಲ ಬೇಗ ಬರೀತೀವಿ, ಒಂದ್ಸಲ ನಿಧಾನಕ್ಕೆ. ಆ ವೇಗದ ಏರುಪೇರನ್ನ ಲೆಕ್ಕದಲ್ಲಿ ಎಳೆದು ಕುಗ್ಗಿಸಿ ಒಂದೇ ಅಳತೆಗೆ ತಂದ ಮೇಲೆ ನೋಡಿದ್ರೆ, ಪ್ರತೀ ಅಕ್ಷರಕ್ಕೂ ತನ್ನದೇ ಆದ ವಿನ್ಯಾಸ 27 ಸಲಾನೂ ಹೆಚ್ಚುಕಡಿಮೆ ಅದೇ ಥರ ಬರ್ತಿದೆ. ಅದರಿಂದ ಪೆನ್ನಿನ ತುದಿ ಯಾವ ಕಡೆ ಎಷ್ಟು ವೇಗದಲ್ಲಿ ಓಡ್ತಿತ್ತು ಅಂತ ಲೆಕ್ಕ ಹಾಕಿ ಗೆರೆ ಎಳೆದ್ರು, ಸ್ಕ್ರೀನ್ ಮೇಲೆ ನೋಡಿದ್ರೆ ಓದೋಕೆ ಬರೋಂಥ ಇಂಗ್ಲಿಷ್ ಅಕ್ಷರಗಳು! ಆ ಚಿತ್ರ ನೋಡಿದಾಗ ನಂಗೆ ಮೈ ಜುಂ ಅಂತು ನಿಜ ಹೇಳ್ಬೇಕಂದ್ರೆ. ಹತ್ತು ವರ್ಷದ ಮೇಲಾಗಿತ್ತು ಅವರ ಕೈ ಪೆನ್ ಹಿಡಿದು, ಮೆದುಳು ಮಾತ್ರ ಒಂದು ಸೊಟ್ಟನೂ ಮರೆತಿಲ್ಲ. ಕೈಗೆ ನಾನು ಹೇಳ್ತಾನೇ ಇರ್ತೀನಿ ಅಂದಿದ್ನಲ್ಲ ಅಣ್ಣ.

ಈಗ ಮುಖ್ಯ ಪ್ರಶ್ನೆ. ಕರ್ಸರನ್ನ ಸೀದಾ ಗೆರೆಯಲ್ಲಿ ಓಡಿಸೋದು ಸುಲಭ, ಅಕ್ಷರ ಬರೆಯೋದು ಕಷ್ಟ. ಹಂಗಿದ್ಮೇಲೆ ಕಷ್ಟದ್ದು ಹೆಂಗೆ ಫಾಸ್ಟ್ ಆಗುತ್ತೆ? ನಾನೂ ಮೊದಲು ಇಲ್ಲೇ ಸಿಕ್ಕಾಕ್ಕೊಂಡೆ. ಉತ್ತರ ಏನಂದ್ರೆ, ಇಲ್ಲಿ ಸುಲಭ ಯಾರಿಗೆ ಅನ್ನೋದು ನೋಡ್ಬೇಕು. ಓದೋ ಕಂಪ್ಯೂಟರ್‌ಗೆ ಬೇಕಾಗಿರೋದು ಒಂದರಿಂದ ಇನ್ನೊಂದನ್ನ ಬೇರೆ ಮಾಡಿ ಗುರುತಿಸೋದು ಅಷ್ಟೇ. ಕೀಬೋರ್ಡ್ ಮೇಲೆ ಅಕ್ಕಪಕ್ಕದ ಎರಡು ಕೀ ಕಡೆ ಹೋಗೋ ಸೀದಾ ಗೆರೆಗಳು ಒಂದಕ್ಕೊಂದು ಎಷ್ಟು ಹತ್ರ ನೋಡಿ, ಹೊರಡೋ ಜಾಗ ಅದೇ, ಕೋನದಲ್ಲಿ ಸ್ವಲ್ಪ ಫರಕು, ಶುರುವಿಂದ ಕೊನೆ ತನಕ ಅದೇ ಸ್ವಲ್ಪ ಫರಕು. ಮೆದುಳಿನ ಸಿಗ್ನಲ್‌ನಲ್ಲಿ ಗಲಾಟೆ ಯಾವಾಗ್ಲೂ ಇರುತ್ತೆ, ಆ ಗಲಾಟೆಯಲ್ಲಿ ಇಂಥ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತೆ, ಅದಕ್ಕೆ ಕರ್ಸರ್ ನಿಧಾನಕ್ಕೆ ತಿದ್ದಿಕೊಳ್ತಾ ತಿದ್ದಿಕೊಳ್ತಾ ಹೋಗ್ಬೇಕು. ಅಕ್ಷರ ಬರೆಯೋವಾಗ ಒಂದು ಮೇಲಿಂದ ಇಳಿಯುತ್ತೆ, ಒಂದು ಸುತ್ತು ಹಾಕುತ್ತೆ, ಒಂದು ಗಕ್ಕನೆ ತಿರುಗುತ್ತೆ, ವೇಗ ಏರುತ್ತೆ ಇಳಿಯುತ್ತೆ, ಪ್ರತೀ ಕ್ಷಣಾನೂ ಬೇರೆ ಬೇರೆ. ಎರಡು ಅಕ್ಷರ ಶುರುವಿನಲ್ಲಿ ಒಂದೇ ಥರ ಇದ್ರೂ ಮಧ್ಯದಲ್ಲಿ ಬೇರೆ ಆಗೇ ಆಗ್ತವೆ. ಬಾಲ್ಯದಲ್ಲಿ ಗುಂಪಲ್ಲಿ ನಿಂತಿರೋರಲ್ಲಿ ನಿಮ್ಮಮ್ಮನ್ನ ದೂರದಿಂದ ಹುಡುಕಿದ್ದು ನೆನಪಿದ್ಯಾ, ನಿಂತಿದ್ರೆ ಗೊತ್ತಾಗಲ್ಲ, ನಡೆಯೋಕೆ ಶುರು ಮಾಡಿದ್ರೆ ನಡಿಗೆಯಿಂದಾನೇ ಗೊತ್ತಾಗಿಬಿಡುತ್ತೆ.

ಇದನ್ನ ಸುಮ್ನೆ ಬಾಯಿಮಾತಲ್ಲಿ ಬಿಡ್ಲಿಲ್ಲ ಅವರು. 16 ದಿಕ್ಕಿನ ಸೀದಾ ಗೆರೆಗಳನ್ನೂ 16 ಅಕ್ಷರಗಳನ್ನೂ ಟಿ5 ಕೈಲೇ ಪ್ರಯತ್ನ ಮಾಡ್ಸಿ ಎರಡರ ಸಿಗ್ನಲ್ ಹೋಲಿಸಿದ್ರು, ಅಕ್ಷರಗಳ ಸಿಗ್ನಲ್‌ಗಳು ಒಂದರಿಂದ ಒಂದು ಜಾಸ್ತಿ ದೂರ ದೂರ ಇದ್ವು. ಅಷ್ಟೇ ಯಾಕೆ, ಗಣಕದಲ್ಲಿ ಸುಲಭವಾಗಿ ಬೇರೆಬೇರೆ ಅಂತ ಗೊತ್ತಾಗೋ ಥರ ಅಕ್ಷರಗಳ ಆಕಾರವನ್ನೇ ಬದಲಾಯಿಸಿದ್ರೆ ಇನ್ನೂ ಒಳ್ಳೇದಾಗುತ್ತೆ ಅಂತಾನೂ ಲೆಕ್ಕ ಹಾಕಿ ತೋರಿಸಿದ್ರು. ಇದನ್ನ ಆಮೇಲೆ ನೆನಪಿಟ್ಕೊಳ್ಳಿ.

ಇನ್ನು ಎಂಜಿನಿಯರಿಂಗ್ ಕಡೆ ಒಂದು ತಲೆನೋವು. ವಾಕ್ಯ ಬರೆಸೋವಾಗ ಯಾವ ಅಕ್ಷರ ಯಾವ ಕ್ಷಣಕ್ಕೆ ಶುರುವಾಯ್ತು ಅಂತ ಹೆಂಗೆ ಹೇಳ್ತೀರಿ? ನಮ್ಮ ನಿಮ್ಮ ಕೈ ಆದ್ರೆ ಕ್ಯಾಮೆರಾ ಇಟ್ಟು ನೋಡ್ಬಹುದು, ಇಲ್ಲಿ ಕೈ ಆಡೋದೇ ಇಲ್ಲ. ಇದಕ್ಕೆ ಅವರು ಸಾಲ ತಂದಿದ್ದು ಮಾತು ಗುರುತಿಸೋ ತಂತ್ರಜ್ಞಾನದಿಂದ, ಅಲ್ಲೂ ಇದೇ ಸಮಸ್ಯೆ, ಜನ ಪದಗಳ ಮಧ್ಯೆ ಗ್ಯಾಪ್ ಬಿಟ್ಟು ಮಾತಾಡಲ್ಲ. ಆಮೇಲೆ ಡೇಟಾ ಬಹಳ ಕಮ್ಮಿ, ಒಬ್ಬರೇ ಮನುಷ್ಯ, ಅವರಿಗೂ ಸುಸ್ತಾಗುತ್ತೆ. ಅದಕ್ಕೆ ಅವರು ಬರೆದ ಅಕ್ಷರಗಳ ಸಿಗ್ನಲ್ ತುಣುಕುಗಳನ್ನ ಕತ್ತರಿಸಿ ಬೇರೆ ಬೇರೆ ಕ್ರಮದಲ್ಲಿ ಅಂಟಿಸಿ ಅವರು ಬರೆದೇ ಇರದ ವಾಕ್ಯಗಳನ್ನ ತಯಾರು ಮಾಡಿ ನ್ಯೂರಲ್ ನೆಟ್‌ವರ್ಕ್‌ಗೆ, ಅಂದ್ರೆ ಉದಾಹರಣೆ ನೋಡಿ ನೋಡಿ ಕಲಿಯೋ ಪ್ರೋಗ್ರಾಂಗೆ, ಪಾಠ ಮಾಡಿದ್ರು. ಒಟ್ಟು 31 ಚಿಹ್ನೆ, 26 ಸಣ್ಣಕ್ಷರ ಮತ್ತೆ ಐದು ಬೇರೆ. ಪದಗಳ ಮಧ್ಯದ ಜಾಗಕ್ಕೆ ಗಣಿತದ 'ಇದಕ್ಕಿಂತ ದೊಡ್ಡದು' ಚಿಹ್ನೆ, ಪೂರ್ಣವಿರಾಮಕ್ಕೆ ಒಂದು ಅಲೆಯ ಗೆರೆ. ಯಾಕೆ ಅಂತ ಯೋಚನೆ ಮಾಡಿದ್ರೆ ಸರಿಯಾಗೇ ಇದೆ, ಖಾಲಿ ಜಾಗ ಬಿಡೋದು ಅಂದ್ರೆ ಕೈ ಏನೂ ಮಾಡದೇ ಇರೋದು, ಚುಕ್ಕೆ ಅಂದ್ರೆ ಚೂರೇ ಚೂರು ಅಲುಗಾಟ, ಎರಡನ್ನೂ ಹಿಡಿಯೋದು ಕಷ್ಟ. ಸಾಲಾಗಿ ಎಡದಿಂದ ಬಲಕ್ಕೂ ಬರೆಯೋ ಹಾಗಿಲ್ಲ, ಒಂದರ ಮೇಲೆ ಒಂದು ಅದೇ ಜಾಗದಲ್ಲಿ ಬರೀತಾ ಹೋಗೋದು.

ರಿಸಲ್ಟ್ 2021ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕೊಟ್ಟ ವಾಕ್ಯ ನೋಡಿ ಬರೆಯೋವಾಗ ನಿಮಿಷಕ್ಕೆ 90 ಅಕ್ಷರ, 18 ಪದ. ಬರೆದ ತಕ್ಷಣ ಸ್ಕ್ರೀನ್ ಮೇಲೆ ಬಂದದ್ದು 94.1 ಪರ್ಸೆಂಟ್ ಸರಿ, ಆಮೇಲೆ ಆಟೋಕರೆಕ್ಟ್ ಹಾಕಿದ್ರೆ 99ಕ್ಕೂ ಮೇಲೆ. ಅವರ ವಯಸ್ಸಿನ ಜನ ಸ್ಮಾರ್ಟ್‌ಫೋನ್‌ನಲ್ಲಿ ಟೈಪ್ ಮಾಡೋದು ನಿಮಿಷಕ್ಕೆ 115 ಅಕ್ಷರ ಅಂತೆ, ಅದಕ್ಕಿಂತ ಸ್ವಲ್ಪ ಕಮ್ಮಿ, ಆದ್ರೆ ನಮ್ಮಪ್ಪ ವಾಟ್ಸಾಪ್‌ನಲ್ಲಿ ಒಂದು ಬೆರಳಲ್ಲಿ ಕುಟ್ಟೋ ಸ್ಪೀಡಿಗಿಂತ ಟಿ5 ಅವರ 90 ಜಾಸ್ತಿನೇ ಇರ್ಬೇಕು. ನೋಡಿ ಬರೆಯೋದು ಬಿಟ್ಟು ಪ್ರಶ್ನೆಗೆ ಸ್ವಂತ ಉತ್ತರ ಬರೀರಿ ಅಂದಾಗ ಸುಮಾರು 74ಕ್ಕೆ ಇಳೀತು, ತಪ್ಪೂ ಜಾಸ್ತಿ ಆಯ್ತು, ಅದು ಸಹಜ, ಏನು ಹೇಳ್ಬೇಕು ಅಂತ ಯೋಚನೆ ಮಾಡ್ಬೇಕಲ್ಲ. ಅಕ್ಷರ ಬರೆದು ಮುಗಿಸಿದ ಮೇಲೆ ಸ್ಕ್ರೀನ್‌ಗೆ ಬರೋಕೆ ಅರ್ಧ ಸೆಕೆಂಡ್ ಆಸುಪಾಸು.

ಇಷ್ಟೆಲ್ಲ ಹೇಳಿ ಇದರ ಕೊರತೆ ಹೇಳದೇ ಹೋದ್ರೆ ತಪ್ಪಾಗುತ್ತೆ. ಇದು ಒಬ್ಬರ ಮೇಲೆ ಮಾಡಿದ ಪ್ರಯೋಗ. ತಲೆಬುರುಡೆ ತೆರೆದು ಮಾಡೋ ಆಪರೇಷನ್, ನೆತ್ತಿ ಮೇಲೆ ಪ್ಲಗ್, ಅದಕ್ಕೆ ಕೇಬಲ್, ಪಕ್ಕದಲ್ಲಿ ಟೆಕ್ನಿಷಿಯನ್. ಆ ಸ್ಟಡಿಯಲ್ಲಿ ತಪ್ಪು ಬರೆದ್ರೆ ಅಳಿಸೋ ವ್ಯವಸ್ಥೆನೂ ಇರ್ಲಿಲ್ಲ, ದೊಡ್ಡಕ್ಷರಾನೂ ಇಲ್ಲ. ಎಲ್ಲಕ್ಕಿಂತ ಕಿರಿಕಿರಿ ಅಂದ್ರೆ ಸಿಗ್ನಲ್ ದಿನದಿಂದ ದಿನಕ್ಕೆ ಸರಿಯುತ್ತೆ. ಮೆದುಳು ಕಲ್ಲಲ್ಲ, ಮೆತ್ತಗಿರೋ ವಸ್ತು, ಸೂಜಿ ಕೂದಲೆಳೆಯಷ್ಟು ಜರುಗಿದ್ರೂ ನಿನ್ನೆ ಕೇಳ್ತಿದ್ದ ಕೋಶದ ಬದಲು ಇವತ್ತು ಪಕ್ಕದ ಕೋಶ ಕೇಳುತ್ತೆ. ಹಂಗಾಗಿ ದಿನಾ ಶುರುವಲ್ಲಿ ಒಂದಷ್ಟು ವಾಕ್ಯ ಬರೆಸಿ ಯಂತ್ರಕ್ಕೆ ಮತ್ತೆ ಪಾಠ ಹೇಳ್ಬೇಕು. ದಿನಾ ಬೆಳಿಗ್ಗೆ ಎದ್ದು ಮಾತಾಡೋಕೆ ಮುಂಚೆ ಅಆಇಈ ಒಪ್ಪಿಸ್ಬೇಕು ಅಂದ್ರೆ ಯಾರಿಗೆ ತಾಳ್ಮೆ ಇರುತ್ತೆ. ಇದಕ್ಕೆ 2023ರಲ್ಲಿ ಒಂದು ಜಾಣ ಉಪಾಯ ಬಂತು, ಟಿ5 ಜೊತೇಲೇ ಮಾಡಿದ್ದು: ಯಂತ್ರ ಓದಿದ್ದನ್ನ ಭಾಷಾ ಮಾಡೆಲ್, ಅಂದ್ರೆ ಯಾವ ಪದದ ಹಿಂದೆ ಯಾವ ಪದ ಬರುತ್ತೆ ಅಂತ ಊಹಿಸೋ ಪ್ರೋಗ್ರಾಂ, ತಿದ್ದುತ್ತೆ, ಆ ತಿದ್ದಿದ ವಾಕ್ಯವನ್ನೇ ಸರಿ ಉತ್ತರ ಅಂತ ಇಟ್ಕೊಂಡು ಯಂತ್ರ ತಾನೇ ಪಾಠ ಕಲಿಯುತ್ತೆ, ಮನುಷ್ಯ ಸುಮ್ನೆ ಬರೀತಾ ಇದ್ರೆ ಸಾಕು. ಹಿಂಗೇ ಒಂದು ವರ್ಷದ ಮೇಲೂ ನಡೆಸಿ ತೋರಿಸಿದ್ರು. ಅದೇ ವರ್ಷ ಜನವರಿಯಲ್ಲಿ ಶೆಣೈ ತೀರ್ಕೊಂಡ್ರು, 54 ವರ್ಷ ಅಷ್ಟೇ.

ಆಮೇಲಾಮೇಲೆ ಮಾತಾಡೋ ಪ್ರಯತ್ನದಿಂದಾನೇ ಪದಗಳನ್ನ ಹಿಡಿಯೋ ಕೆಲಸಗಳು ಬಂದ್ವು, ಅವು ನಿಮಿಷಕ್ಕೆ 60, 70 ಪದ ಮುಟ್ಟಿದ್ವು, ಮಾತು ಹೋದವರಿಗೆ ಅದು ದೊಡ್ಡ ವರ. ಹಂಗಂತ ಕೈಬರಹದ ಕೆಲಸ ಹಳೇದಾಯ್ತು ಅಂತ ನಂಗೆ ಅನ್ಸಲ್ಲ. ಅಣ್ಣನಂಥವರಿಗೆ ಮಾತು ಚೆನ್ನಾಗೇ ಇದೆ, ಆದ್ರೆ ಮನೆ ತುಂಬ ಜನ ಇರೋವಾಗ ಫೋನ್‌ಗೆ ಕೂಗಿ ಕೂಗಿ ಹೇಳಿ ಮೆಸೇಜ್ ಕಳಿಸೋದು ಎಷ್ಟು ಮುಜುಗರ ಅಂತ ಅವನನ್ನೇ ಕೇಳಿ. ಗುಟ್ಟಾಗಿ ಬರೆಯೋದು ಅನ್ನೋದೇ ಒಂದು ಬೇರೆ ಸುಖ.

ಹೋದ ಸಲ ಊರಿಗೆ ಹೋದಾಗ ಇದೆಲ್ಲ ಅವನಿಗೆ ಹೇಳಿದೆ, ಆ ಅಕ್ಷರಗಳ ಚಿತ್ರಾನೂ ತೋರಿಸ್ದೆ. ಸುಮಾರು ಹೊತ್ತು ನೋಡಿ "ಇವನೂ ಹೇಳ್ತಾನೇ ಇದ್ದ ಹಂಗಾದ್ರೆ" ಅಂದ. ಆಮೇಲೆ ಕೇಳಿದ, ಇದು ಕನ್ನಡದಲ್ಲಿ ಆಗುತ್ತಾ ಅಂತ.

ಆ ಪ್ರಶ್ನೆಗೆ ನಾನು ರೆಡಿ ಇರ್ಲಿಲ್ಲ, ಕೂತು ಯೋಚನೆ ಮಾಡಿದ್ವಿ. ಇಲ್ಲಿಂದ ಮುಂದಿನದ್ದು ಪೂರ್ತಿ ನಮ್ಮಿಬ್ಬರ ಜಗುಲಿ ವಿಜ್ಞಾನ. ಒಂದು ಕಡೆ ಕನ್ನಡ ಅಕ್ಷರ ಇದಕ್ಕೆ ಹೇಳಿ ಮಾಡಿಸಿದಂಗಿದೆ, ಸೀದಾ ಗೆರೆನೇ ಕಮ್ಮಿ, ಎಲ್ಲ ಸುತ್ತು ಬಳುಕು ಕೊಂಬು. ಇನ್ನೊಂದು ಕಡೆ ಕಾಗುಣಿತ ಒತ್ತಕ್ಷರ ಎಲ್ಲ ಸೇರಿಸಿದ್ರೆ 31 ಎಲ್ಲಿ ಸಾಲುತ್ತೆ, ನೂರಾರು ಆಕಾರ. ಆದ್ರೆ ಎಲ್ಲವನ್ನೂ ಬೇರೆ ಬೇರೆ ಕಲಿಸ್ಬೇಕಾಗಿಲ್ಲ, ಫೋನ್ ಕೀಬೋರ್ಡ್‌ನಲ್ಲಿ ಮಾಡೋ ಹಂಗೆ ಮೂಲ ಅಕ್ಷರ ಒಂದು, ಸ್ವರದ ಗುರುತು ಒಂದು, ಒತ್ತು ಬರುತ್ತೆ ಅನ್ನೋಕೆ ಒಂದು ಗುರುತು ಇಟ್ಕೊಂಡ್ರೆ ಒಂದರ ಹಿಂದೆ ಒಂದು ಬರೀಬಹುದು, ಪೂರ್ಣವಿರಾಮಕ್ಕೆ ಅಲೆ ಹಾಕಿದಂಗೆ. ನಂಗೆ ಭಯ ಇರೋದು ದ, ಧ, ಥ ಮೇಲೆ, ಪ, ಷ, ಫ ಮೇಲೆ. ಬರೆದು ನೋಡಿ, ಕೊನೇ ಗೀಟು ಬರೋ ತನಕ ಪ ಮತ್ತೆ ಷ ಒಂದೇ, ಕೈ ಹೋಗೋ ದಾರಿ ಒಂದೇ, ಮೆದುಳಿನ ಸಿಗ್ನಲ್ಲೂ ಅಲ್ಲೀತನಕ ಹೆಚ್ಚುಕಡಿಮೆ ಒಂದೇ ಇರ್ಬೇಕು. ಹೊಟ್ಟೆ ಸೀಳೋ ಆ ಒಂದು ಚಿಕ್ಕ ಗೀಟಿಗೆ ಯಂತ್ರ ಕಾಯ್ಬೇಕು, ಅದೂ ಸಿಗ್ನಲ್ ಗಲಾಟೆಯಲ್ಲಿ ತಪ್ಪಿ ಹೋದ್ರೆ ಭಾಷೆ ಹೋಗಿ ಭಾಪೆ ಆಗುತ್ತೆ.

ಅಣ್ಣ ಕಡ್ಡಿ ಬಾಯಿಂದ ಪಕ್ಕಕ್ಕೆ ಸರಿಸಿ ಹೇಳಿದ, "ಹಂಗಾದ್ರೆ ಆ ಹೊಟ್ಟೆ ಸೀಳೋ ಷ ಬಿಟ್ಟೇ ಬಿಡು ಮಾರಾಯ, ಶ ಒಂದೇ ಸಾಕು. ಈಗೇನು ಊರಲ್ಲಿ ಎಲ್ರೂ ನೋಡಿ ಬರೀತಿದಾರಾ?"